ಮೊಬೈಲ್‌ನ ಪುಟ್ಟ ಸ್ಪೀಕರಿನಲ್ಲಿ ತಂಬೂರಿಯ ಖರ್ಜ ಹೇಗೆ ಕೇಳಿಸುತ್ತದೆ?

ಖರ್ಜ, ಅಂದರೆ ತಂಬೂರಿಯ ಅತಿ ತಗ್ಗಿನ ತಂತಿಯ ಸ್ವರ, ಮೊಬೈಲ್‌ನಲ್ಲಿ ನಿಜವಾಗಿ ಬರುತ್ತದೆಯೇ ಅನ್ನುವ ನಿಮ್ಮ ಅನುಮಾನ ಸರಿ. ಅಷ್ಟು ಚಿಕ್ಕ ಸ್ಪೀಕರಿನಿಂದ ಖರ್ಜದ ಮೂಲ ಧ್ವನಿ ಹೊರಗೆ ಬರುವುದೇ ಇಲ್ಲ ಅನ್ನಬೇಕು. ನಿಮಗೆ ಕೇಳುತ್ತಿರುವುದು ಮಿದುಳು ಕಟ್ಟಿಕೊಂಡ ಸ್ವರ.

ನಾನು ಶಿರಸಿಯಲ್ಲಿ ಹಿಂದೂಸ್ತಾನಿ ಗಾಯನ ಹೇಳಿಕೊಡುತ್ತೇನೆ. ಇಲ್ಲಿನ ಮಳೆಗಾಲದ ತೇವಕ್ಕೆ ತಂಬೂರಿ ಶ್ರುತಿಯಲ್ಲಿ ನಿಲ್ಲುವುದೇ ಕಷ್ಟ. ಹಾಗಾಗಿ ಕಲಿಯುವ ಮಕ್ಕಳೂ ಮೊಬೈಲ್ ತಂಬೂರಿಯನ್ನೇ ಹಾಕಿಕೊಂಡು ಕೂರುತ್ತಾರೆ.

ಲೆಕ್ಕ ನೋಡಿ. ನಿಮ್ಮ ಶ್ರುತಿ ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅಂದುಕೊಳ್ಳಿ. ಖರ್ಜದ ತಂತಿ ಸೆಕೆಂಡಿಗೆ ಸುಮಾರು 69 ಸಲ ಕಂಪಿಸುತ್ತದೆ. ಜೊತೆಗೇ 138, 207, 276 ಹೀಗೆ ಅದರ ಮಡಿಗಳೂ ಹುಟ್ಟುತ್ತವೆ. ತಂಬೂರಿಯ ಅಗಲ ಕುದುರೆ (ತಂತಿಗಳು ಹಾದುಹೋಗುವ ಪಟ್ಟಿ), ತಂತಿಯಡಿ ಸಿಕ್ಕಿಸುವ ನೂಲು ಇವುಗಳಿಂದ ಮೇಲಿನ ಮಡಿಗಳಿಗೆ ಬಲ ಜಾಸ್ತಿ. (ಸಿ. ವಿ. ರಾಮನ್ 1921ರಲ್ಲೇ ಈ ಕುದುರೆಯ ಗುಟ್ಟಿನ ಬಗ್ಗೆ ಬರೆದಿದ್ದರು.) ಮೊಬೈಲ್‌ಗೆ 69 ಹಾಗಿರಲಿ, 138 ನುಡಿಸುವುದೂ ಕಷ್ಟ. ನಿಮ್ಮ ಕಿವಿಗೆ ಚೆನ್ನಾಗಿ ತಲುಪುವುದು 414, 483, 552, 621ರಂಥವು.

ಒಳಕಿವಿಯ ಸುರುಳಿಯಲ್ಲಿ ಒಂದು ಪೊರೆ ಇದೆ. ಅದರ ಬುಡ ಹೆಚ್ಚು ಕಂಪನಕ್ಕೆ, ತುದಿ ಕಡಿಮೆ ಕಂಪನಕ್ಕೆ ಸ್ಪಂದಿಸುತ್ತದೆ. 69ರ ಜಾಗ ಹೆಚ್ಚುಕಡಿಮೆ ಸುಮ್ನೇ ಇರುತ್ತದೆ. ಆದರೆ ನರಗಳು ಅಲೆಯ ಲಯಕ್ಕೆ ಸರಿಯಾಗಿ ಮಿಡಿಯುತ್ತವೆ, ಬಂದ ಮಡಿಗಳೆಲ್ಲ ಸೇರಿದಾಗ ಆ ಲಯ ಸೆಕೆಂಡಿಗೆ 69 ಸಲ ಮರುಕಳಿಸುತ್ತದೆ. ಇವೆಲ್ಲ ಒಂದೇ ತಂತಿಯ ಮಕ್ಕಳು ಅಂತ ಮಿದುಳು ಗುರುತಿಸಿ, ಬಾರದ ತಾಯಿಯ ಸ್ವರವನ್ನೇ ನಮಗೆ ಕೇಳಿಸುತ್ತದೆ.

ಇದು ಕಿವಿಯೊಳಗೇ ಹುಟ್ಟುವ ಧ್ವನಿ ಇರಬಹುದು ಅಂತ ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಾಲದಲ್ಲಿ ನಂಬಿದ್ದರು. 1972ರಲ್ಲಿ ಹೌಟ್ಸ್‌ಮಾ ಮತ್ತು ಗೋಲ್ಡ್‌ಸ್ಟೀನ್ ಎಂಬ ಸಂಶೋಧಕರು ಒಂದು ಮಡಿಯನ್ನು ಎಡಗಿವಿಗೆ, ಇನ್ನೊಂದನ್ನು ಬಲಗಿವಿಗೆ ಕೊಟ್ಟರು. ಆಗಲೂ ಕೇಳುಗರು ಇಲ್ಲದ ಮೂಲ ಸ್ವರವನ್ನು ಗುರುತಿಸಿದರು! ಎರಡೂ ಕಿವಿಯ ಸುದ್ದಿ ಸೇರುವುದು ಮಿದುಳಿನಲ್ಲಿ ತಾನೆ? ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಪ್ರಯೋಗ ಇದೇ. ಆಮೇಲೆ 1988ರಲ್ಲಿ ಝಟೋರೆ ಎಂಬ ಸಂಶೋಧಕರು ಇನ್ನೊಂದನ್ನು ತೋರಿಸಿದರು. ಮಿದುಳಿನ ಬಲಬದಿಯ ಶ್ರವಣ ಭಾಗಕ್ಕೆ ಪೆಟ್ಟಾದವರಿಗೆ ಇಂಥ ಸ್ವರ ಗುರುತಿಸುವುದು ಕಷ್ಟವಾಗುತ್ತದೆ.

ಮೊಬೈಲ್ ಹಾಕಿಕೊಂಡು ರಿಯಾಜ್ ಮಾಡಬಹುದಾ ಅಂತಲೂ ಕೇಳಿದ್ದೀರಿ. ಶ್ರುತಿ ಹಿಡಿಯಲು ಧಾರಾಳವಾಗಿ ಮಾಡಿ, ಸ್ವರದ ಎತ್ತರ ಸರಿಯಾಗಿಯೇ ಸಿಗುತ್ತದೆ. ಸಿಗದಿರುವುದು ಅದರ ತೂಕ. ಮಂದ್ರದ (ತಗ್ಗಿನ ಸ್ವರಗಳ) ಅಭ್ಯಾಸಕ್ಕಾದರೂ ದೊಡ್ಡ ಸ್ಪೀಕರಿಗೆ ಜೋಡಿಸಿಕೊಳ್ಳಿ.