ಮಾರ್ವೆಲ್‌ನ ‘ಸಿವಿಲ್ ವಾರ್: ಫ್ರಂಟ್ ಲೈನ್’ ಕಾಮಿಕ್ಸ್ ಬಗ್ಗೆ ಓದುಗರಲ್ಲಿ ಇಷ್ಟು ಭಿನ್ನಾಭಿಪ್ರಾಯ ಏಕೆ?

ಮುಂಬೈನ ಮಾಟುಂಗಾದಲ್ಲಿ, ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಇದರ ಬಿಡಿ ಸಂಚಿಕೆಗಳು ಸಿಕ್ಕಾಗಿನಿಂದ ನಮ್ಮ ಕನ್ನಡ ಗೆಳೆಯರ ನಡುವೆಯೂ ಇದೇ ಜಗಳ.

2006ರಲ್ಲಿ ಶುರುವಾದ ‘ಸಿವಿಲ್ ವಾರ್’ ಮೂಲ ಕಥೆ 7 ಸಂಚಿಕೆ. ಅದಕ್ಕೆ ಅಂಟಿಕೊಂಡ ‘ಫ್ರಂಟ್ ಲೈನ್’ 11! ಮದುವೆಗಿಂತ ಬೀಗರೂಟವೇ ಜೋರು. ಆದರೂ ಆರಂಭ ಚೆನ್ನಾಗಿದೆ. ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಾನೂನಿಗಾಗಿ ಎರಡು ಬಣವಾದ ಸೂಪರ್‌ಹೀರೋಗಳ ಕಾದಾಟವನ್ನು ಬೆನ್ ಯುರಿಕ್, ಸ್ಯಾಲಿ ಫ್ಲಾಯ್ಡ್ ಎಂಬ ಇಬ್ಬರು ಪತ್ರಕರ್ತರು ಬೀದಿಯಲ್ಲಿ ನಿಂತು ನೋಡುತ್ತಾರೆ. ಮೆಚ್ಚಿದವರು ಮೆಚ್ಚಿದ್ದು ಇದನ್ನೇ.

ಕೆಡಿಸಿದ್ದು ಕೊನೆಯ ಸಂಚಿಕೆ. ಕಾನೂನನ್ನು ವಿರೋಧಿಸಿ, ಕೊನೆಗೆ ಶರಣಾಗಿ ಬಂಧನದಲ್ಲಿರುವ ಕ್ಯಾಪ್ಟನ್ ಅಮೆರಿಕಾನನ್ನು ಸ್ಯಾಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ: ಮೈಸ್ಪೇಸ್ (ಆಗಿನ ಸೋಷಿಯಲ್ ಮೀಡಿಯಾ ತಾಣ) ಗೊತ್ತಿಲ್ಲ, ನಾಸ್ಕಾರ್ ಕಾರ್ ರೇಸ್ ನೋಡಿಲ್ಲ, ಹಾಗಾದರೆ ನಿನಗೆ ಅಮೆರಿಕ ಏನು ಗೊತ್ತು ಎಂಬ ಧಾಟಿ. ಅವನೋ ಬೈಸಿಕೊಂಡು ಸುಮ್ಮನೆ ಕೂರುತ್ತಾನೆ. (ಮೈಸ್ಪೇಸ್ ಇವತ್ತು ಯಾರಿಗೆ ನೆನಪಿದೆ ಹೇಳಿ!) ಮೇಲಾಗಿ, ಕಾನೂನಿನ ಪರ ನಿಂತ ಟೋನಿ ಸ್ಟಾರ್ಕ್‌ನ (ಐರನ್ ಮ್ಯಾನ್) ಗುಟ್ಟು ಕೈಗೆ ಸಿಕ್ಕರೂ ಈ ಪತ್ರಕರ್ತರು ಅದನ್ನು ಅಚ್ಚು ಹಾಕುವುದಿಲ್ಲ. ಸುದ್ದಿಮನೆಯ ಕಥೆ ಅಂತ ನಂಬಿ ಹತ್ತು ಸಂಚಿಕೆ ಓದಿದವರಿಗೆ ಸಿಟ್ಟು ಬರದೆ ಇನ್ನೇನು? ನನಗಂತೂ ಬಂತು.