ಖಾಲಿ ಡಕ್ಟ್ ಇದ್ದರೂ ರೂಟ್ ಸಿಗದಿದ್ದರೆ

ಪುಣೆಯ ಬಾಣೇರ್–ಹಿಂಜವಡಿ ನಡುವೆ ಖಾಲಿ ಡಕ್ಟ್ (ನೆಲದಡಿಯ ಕೇಬಲ್ ಪೈಪು) ಇದ್ದರೂ ಪಿಜಿರೌಟಿಂಗ್ (ಡೇಟಾಬೇಸ್‌ನಲ್ಲಿ ದಾರಿ ಹುಡುಕುವ ಸಾಫ್ಟ್‌ವೇರ್) ಉತ್ತರವಾಗಿ ಒಂದು ಸಾಲೂ ಕೊಡುತ್ತಿಲ್ಲ ಅಂದಿದ್ದೀರಿ. ಮೊದಲು ಡೈರೆಕ್ಟೆಡ್ ಆಯ್ಕೆಯನ್ನು ಫಾಲ್ಸ್ ಮಾಡಿ ನೋಡಿ ಸರ್. ಡೀಫಾಲ್ಟ್ ಟ್ರೂ ಇರುತ್ತೆ, ರಿವರ್ಸ್ ಕಾಸ್ಟ್ (ಹಿಮ್ಮುಖವಾಗಿ ಸಾಗುವ ವೆಚ್ಚ) ಕಾಲಂ ಇಲ್ಲದಿದ್ದರೆ ಗೆರೆ ಎಳೆದ ದಿಕ್ಕಿಗಷ್ಟೇ ದಾರಿ. ಆಮೇಲೂ ಸಿಗದಿದ್ದರೆ ಡಕ್ಟ್ ಗೆರೆಗಳ ತುದಿ ಚೇಂಬರ್ (ಡಕ್ಟ್‌ಗಳು ಸೇರುವ ನೆಲದಡಿಯ ಗುಂಡಿ) ಬಿಂದುವಿಗೆ ತಾಗಿರಲಿಕ್ಕಿಲ್ಲ. ಲೇಯರನ್ನು ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿ ಇಪಿಎಸ್‌ಜಿ 32643ಕ್ಕೆ ಬದಲಿಸಿ, ಅರ್ಧ ಮೀಟರಿನೊಳಗಿನ ತುದಿಗಳನ್ನು ಬಿಂದುವಿಗೆ ಸ್ನ್ಯಾಪ್ ಮಾಡಿ (ಅಂಟಿಸಿ). ಡಿಗ್ರಿಯಲ್ಲೇ 0.5 ಕೊಟ್ಟರೆ ಇಡೀ ಪುಣೆ ಒಂದೇ ಚೇಂಬರ್ ಆದೀತು!

ತುಂಬಿದ ಡಕ್ಟ್‌ಗೆ ಕಾಸ್ಟ್ −1 ಹಾಕಿ, ಲೆಕ್ಕದಿಂದ ಹೊರಗುಳಿಯುತ್ತದೆ. ಪೈಪಿನ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಕೇಬಲ್‌ಗಳ ಪಾಲಿಗೆ 40% ಮಿತಿ ಇಟ್ಟುಕೊಳ್ಳಿ: 33 ಮಿಮೀ ಒಳವ್ಯಾಸದ ಪೈಪಿಗೆ 14 ಮಿಮೀ ಕೇಬಲ್ ಎರಡಾದರೆ 36%, ಮೂರಾದರೆ 54%. ಡಕ್ಟ್ ಚೇಂಬರಿನೊಳಗೆ ತುಂಡಾಗದೆ ಕಪ್ಲರ್‌ನಲ್ಲಿ (ಪೈಪು ಜೋಡಿಸುವ ತುಂಡು) ನೇರ ದಾಟಿದ್ದರೆ ಅದನ್ನು ಆ ಚೇಂಬರಿನ ನೋಡ್‌ಗೆ (ಬಿಂದುವಿಗೆ) ಸೇರಿಸಬೇಡಿ, ಸೇರಿಸಿದರೆ ಸಾಫ್ಟ್‌ವೇರ್ ದಾರಿಯನ್ನು ಪಕ್ಕದ ಪೈಪಿಗೆ ಹಾರಿಸಿಬಿಡುತ್ತದೆ. ಮಳೆಗಾಲದ ಹೂಳು ಖಾಲಿ ಪೈಪಲ್ಲೂ ಕೂರುತ್ತದೆ, ಹಾಗಾಗಿ ಮ್ಯಾಂಡ್ರೆಲ್ (ಪೈಪು ತೆರವಾಗಿದೆಯೇ ಎಂದು ನೋಡುವ ಉಪಕರಣ) ಹಾಯಿಸಿ ನೋಡದೆ ಕೇಬಲ್ ಆರ್ಡರ್ ಮಾಡಬೇಡಿ.