ಓದುಗರ ಪ್ರಶ್ನೆ: ಅಪ್ಪ-ಅಮ್ಮನ್ನ ಕರ್ಕೊಂಡು ಗ್ರೀಸ್‌ಗೆ ಹೋದ್ರೆ ಎಲ್ಲಿ ಉಳ್ಕೊಳ್ಳೋದು?

ಪ್ರಶ್ನೆ: ಸರ್, ದಸರಾ ರಜಕ್ಕೆ ಅಪ್ಪ-ಅಮ್ಮನ್ನ ಗ್ರೀಸ್‌ಗೆ ಕರ್ಕೊಂಡು ಹೋಗೋಣ ಅಂತಿದೀವಿ. ಅಪ್ಪ ರಿಟೈರ್ಡ್ ಮೇಷ್ಟ್ರು, ಹಿಸ್ಟರಿ ಅಂದ್ರೆ ಪ್ರಾಣ. ಅಮ್ಮಂಗೆ ಮಂಡಿ ನೋವು, ಮೊಟ್ಟೇನೂ ಮುಟ್ಟಲ್ಲ. ಏಜೆಂಟು ಆರು ದಿನದಲ್ಲಿ ಅಥೆನ್ಸ್, ಮಿಕೊನೋಸ್, ಸಾಂಟೊರಿನಿ ಮೂರೂ ಮಾಡಿಸ್ತೀನಿ ಅಂತಾನೆ. ಆಫೀಸಲ್ಲಿ ಒಬ್ರು ನಾಫ್ಲಿಯೋ ಅನ್ನೋ ಊರಿಗೆ ಹೋಗಿ ಅಂದ್ರು. ಅಷ್ಟು ಚಿಕ್ಕ ಊರಲ್ಲಿ ನಾಲ್ಕು ದಿನ ಏನ್ ಮಾಡೋದು?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ನಿಮ್ಮ ಆಫೀಸಿನವ್ರು ಹೇಳಿದ್ದೇ ಸರಿ ಮೇಡಂ, ಕಣ್ಮುಚ್ಕೊಂಡು ಒಪ್ಕೊಳ್ಳಿ. ವಯಸ್ಸಾದವರನ್ನ ಕರ್ಕೊಂಡು ಆರು ದಿನದಲ್ಲಿ ಮೂರು ಊರು ಅಂದ್ರೆ ಅರ್ಧ ರಜ ಸೂಟ್‌ಕೇಸ್ ತುಂಬೋದ್ರಲ್ಲಿ, ಹಡಗಿಗೆ ಕಾಯೋದ್ರಲ್ಲೇ ಹೋಗ್ಬಿಡತ್ತೆ. ಒಂದೇ ಊರಲ್ಲಿ ಒಂದೇ ರೂಮ್ ಹಿಡೀರಿ, ಅಲ್ಲಿಂದ್ಲೇ ಸುತ್ತಾಡಿ.

ನಾಫ್ಲಿಯೋಗೆ ಅಥೆನ್ಸ್‌ನಿಂದ ಬಸ್ಸಲ್ಲಿ ಎರಡು-ಎರಡೂವರೆ ಗಂಟೆ ಅಷ್ಟೆ. ಹಳೇ ಊರಿನ ನಡುವೆ ಸಿಂಟಗ್ಮಾ ಚೌಕ ಇದೆ, ನೆಲ ಸಮತಟ್ಟು, ಸುತ್ತ ಕಾಫಿ ಅಂಗಡಿಗಳು, ಅಮ್ಮ ಎಷ್ಟ್ ಹೊತ್ತು ಬೇಕಾದ್ರೂ ಕೂತಿರಬಹುದು. ಆದ್ರೆ ಹಿಂದಿನ ಗಲ್ಲಿಗಳೆಲ್ಲ ಮೆಟ್ಲು ಮೆಟ್ಲು, ಅದಕ್ಕೆ ರೂಮ್ ಬುಕ್ ಮಾಡೋವಾಗ ಬಾಗಿಲ ತನಕ ಮೆಟ್ಲಿದ್ಯಾ, ಲಿಫ್ಟ್ ಇದ್ಯಾ ಅಂತ ಮೊದ್ಲೇ ಕೇಳ್ಬಿಡಿ. ಹಾಂ, ಆ ಚೌಕದ ಅಮೃತಶಿಲೆ ಮಳೆ ಬಂದ್ರೆ ಜಾರತ್ತೆ, ಒಳ್ಳೆ ಹಿಡಿತ ಇರೋ ಶೂ ಹಾಕಿಸಿ.

ಇನ್ನು ನಿಮ್ಮಪ್ಪಂಗೆ ಈ ಊರು ಹಬ್ಬ. ಅಥೆನ್ಸ್ ರಾಜಧಾನಿ ಆಗಿದ್ದು 1834ರಲ್ಲಿ, ಅದಕ್ಕೂ ಮುಂಚೆ, ತುರ್ಕರಿಂದ ಬಿಡಿಸ್ಕೊಂಡ ಹೊಸ ಗ್ರೀಸ್ ದೇಶಕ್ಕೆ ನಾಫ್ಲಿಯೋನೇ ರಾಜಧಾನಿ. ದೇಶದ ಮೊದಲ ಗವರ್ನರ್, ಅಂದ್ರೆ ದೇಶದ ಮುಖ್ಯಸ್ಥ, ಕಪೋದಿಸ್ತ್ರಿಯಾಸ್ ರಷ್ಯಾದ ವಿದೇಶಾಂಗ ಖಾತೆ ನೋಡ್ಕೊಂಡಿದ್ದವರು, ಇಲ್ಲಿ ಬಂದು ದೇಶ ಕಟ್ಟಕ್ಕೆ ನಿಂತ್ರು, ಮಾವ್ರೊಮಿಖಾಲಿಸ್ ಅನ್ನೋ ಬಲಾಢ್ಯ ಮನೆತನದ ಯಜಮಾನನ್ನ ಜೈಲಿಗೆ ಹಾಕಿದ್ರು, ಅದೇ ಸಿಟ್ಟಿಗೆ ಆ ಮನೆಯವ್ರು ಇಬ್ರು 1831ರಲ್ಲಿ ಸೇಂಟ್ ಸ್ಪಿರಿಡಾನ್ ಚರ್ಚಿನ ಬಾಗಿಲಲ್ಲೇ ಅವರನ್ನ ಕೊಂದುಬಿಟ್ರು. ಚರ್ಚು ಪುಟ್ಟದು, ಗಮನಿಸದೆ ದಾಟ್ಬಿಡಬಹುದು. ಬಾಗಿಲ ಪಕ್ಕದ ಗೋಡೇಲಿ ಗುಂಡು ಬಡಿದ ಗುರುತಿಗೆ ಗಾಜು ಹಾಕಿ ಉಳಿಸಿದಾರೆ, ಅಪ್ಪಂಗೆ ಅಲ್ಲಿ ಆರಾಮಾಗಿ ನಿಂತು ನೋಡಕ್ಕೆ ಟೈಮ್ ಕೊಡಿ.

ಮೇಲೆ ಕಾಣೋ ಕೋಟೆ ಪಲಾಮಿಡಿ. ವೆನಿಸ್‌ನವ್ರು 1711ರಿಂದ 1714ರೊಳಗೆ ಕಟ್ಟಿದ್ದು, ಮರುವರ್ಷಾನೇ ತುರ್ಕರ ಕೈ ಸೇರ್ತು. 999 ಮೆಟ್ಲು ಅಂತ ಊರವ್ರು ಹೇಳ್ತಾರೆ, ಎಣಿಸಿದ್ರೆ ಅಷ್ಟಿಲ್ಲ. ಚಾಮುಂಡಿ ಬೆಟ್ಟದ ಥರಾನೇ ಮೆಟ್ಲೂ ಇದೆ, ಹಿಂದಿಂದ ರೋಡೂ ಇದೆ, ಅಮ್ಮನ್ನ ಟ್ಯಾಕ್ಸೀಲಿ ಕರ್ಕೊಂಡೋಗಿ. ಒಳಗೆ ನೆಲ ಏರುಪೇರು, ಬಾಗಿಲ ಹತ್ರದಿಂದ ನೋಡಿದ್ರೂ ಕಡಲು, ಊರು ಎರಡೂ ಕಾಣತ್ತೆ. ಬಂದರಿನ ಎದುರು ನೀರಿನ ಮಧ್ಯೆ ಇರೋದು ಬೂರ್ಜಿ ಕೋಟೆ, ಅದನ್ನ ಸಂಜೆ ದಡದಲ್ಲಿ ಕೂತು ನೋಡಿದ್ರೇ ಚೆಂದ.

ಚೌಕದಲ್ಲೇ ಇರೋ ಮ್ಯೂಸಿಯಂ ಮಾತ್ರ ಬಿಡಬೇಡಿ. ಡೆಂಡ್ರಾ ಅನ್ನೋ ಹಳ್ಳಿ ಗೋರೀಲಿ 1960ರಲ್ಲಿ ಸಿಕ್ಕ ಕಂಚಿನ ಯುದ್ಧ ಕವಚ ಅಲ್ಲಿದೆ, ಸುಮಾರು 3400 ವರ್ಷ ಹಳೇದು. ಕತ್ತಿಂದ ತೊಡೆ ತನಕ ಪಟ್ಟಿ ಪಟ್ಟಿಯಾಗಿ ಜೋಡಿಸಿದಾರೆ, ಜೊತೆಗೆ ಕಾಡುಹಂದಿ ಕೋರೆಹಲ್ಲಿಂದ ಮಾಡಿದ ಶಿರಸ್ತ್ರಾಣ.

ಒಂದಿನ ಕಾರ್ ಮಾಡ್ಕೊಂಡು ಮೈಸೀನೆ ಅನ್ನೋ ಪುರಾತನ ಕೋಟೆಯೂರಿನ ಅವಶೇಷ ನೋಡಕ್ಕೆ ಹೋಗಿ. ಅದರ ಹೆಬ್ಬಾಗಿಲಾದ ಸಿಂಹದ್ವಾರಕ್ಕೆ ಏರು ಹತ್ತಬೇಕು, ಅಮ್ಮಂಗೆ ಕಷ್ಟ ಅನ್ಸಿದ್ರೆ ಕೆಳಗೆ ರಸ್ತೆ ಹತ್ರಾನೇ ಇರೋ ಅಟ್ರಿಯಸ್ ಸಮಾಧಿ ತೋರಿಸಿ, ಬಾಗಿಲ ಮೇಲಿನ ಒಂದೇ ಕಲ್ಲು ಹತ್ರತ್ರ 120 ಟನ್ ತೂಗತ್ತೆ. ಇನ್ನೊಂದಿನ ಎಪಿಡಾರಸ್. ಸುಮಾರು 14,000 ಜನ ಕೂರೋ ಬಯಲು ರಂಗಮಂದಿರ, ಕೆಳಗೆ ಮಧ್ಯದಲ್ಲಿ ನಿಂತು ಅಮ್ಮ ಒಂದು ದೇವರನಾಮ ಹೇಳ್ಲಿ, ಅಪ್ಪ ಮೇಲೆ ಹತ್ತಿ ಕೇಳಿಸ್ಕೊಳ್ಳಲಿ.

ಊಟದ ಚಿಂತೆ ಬೇಡ. ನಿಸ್ತೀಸಿಮೋ ಅಂತ ಕೇಳಿ, ಅದು ಅವರ ಉಪವಾಸದ ಅಡುಗೆ, ಮಾಂಸ, ಹಾಲು, ಮೊಟ್ಟೆ ಏನೂ ಹಾಕಲ್ಲ. ಆದ್ರೆ ಸಿಗಡಿ-ಗಿಗಡಿ ಉಪವಾಸಕ್ಕೆ ಅವರಲ್ಲಿ ನಡೆಯತ್ತೆ, ಅದೂ ಬೇಡ ಅಂತ ಬಿಡಿಸಿ ಹೇಳಿ. ದೊಡ್ಡ ಬಿಳಿ ಕಾಳನ್ನ ಟೊಮ್ಯಾಟೊ ಜೊತೆ ಬೇಯಿಸೋ ಗಿಗಾಂತೆಸ್, ಬದನೆಕಾಯಿ ಆಲೂಗಡ್ಡೆ ಹಾಕೋ ಬ್ರಿಯಾಮ್, ಎರಡೂ ನಮ್ಮ ನಾಲಿಗೆಗೆ ಒಗ್ಗತ್ತೆ. ಖಾರ ಮಾತ್ರ ಇರಲ್ಲ, ಚಟ್ನಿಪುಡಿ ತಗೊಂಡೋಗಿ.

ಗ್ರೀಸ್‌ಗೆ ಬೇಕಾದ ಷೆಂಗೆನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಇರೋವಾಗಲೇ ಅರ್ಜಿ ಹಾಕಬಹುದು, ಕಡೇ ಗಳಿಗೆ ತನಕ ಕಾಯಬೇಡಿ, ಸ್ಲಾಟ್ ಸಿಗಲ್ಲ. 30,000 ಯೂರೋ ಕವರ್ ಇರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ. ಪಾಲಿಸಿ ತಗೊಳ್ಳೋವಾಗ ಅಮ್ಮನ ಮಂಡಿ ನೋವಿನ ವಿಷಯ ಮುಚ್ಚಿಡದೆ ಬರೆಸಿ.